ಮೌಸ್ ಯಾರ ಕೈಯಲ್ಲಿ?

1/8

ಮೊದಲು ಫೋಟೊ ನೋಡ್ರಿ, ಆಮೇಲೆ ಓದ್ರಿ.

ಅದು ಕಸೂತಿಯ ಗೋಪುರ. ಇಳಕಲ್ ಸೀರೆ ಮೇಲಿನದಲ್ಲ, ಕಂಪ್ಯೂಟರ್‌ನ ಪೇಂಟ್‌ನಲ್ಲಿ ಬಿಡಿಸಿದ್ದು. ಹೌದು, ಅದೇ ಪೇಂಟ್. 1985ರಲ್ಲಿ ವಿಂಡೋಸ್‌ನ ಮೊದಲ ಆವೃತ್ತಿ ಜೊತೆಗೇ ಬಂದಿದ್ದು, ನಾವೆಲ್ಲ ಸಣ್ಣವರಿದ್ದಾಗ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಒಂದು ಮನೆ ಬಿಡಿಸಿ ಬೇಜಾರಾಗಿ ಬಂದ್ ಮಾಡಿದ್ದು. ಈ ಗೋಪುರ ಬಿಡಿಸಿದವಳು ಒಂಬತ್ತನೇ ಕ್ಲಾಸಿನ ಹುಡುಗಿ. ತುದಿಯನ್ನು ಸ್ವಲ್ಪ ಝೂಮ್ ಮಾಡ್ರಿ. ಯಾಕೋ ದಪ್ಪ ಕಾಣ್ತದ ಅಲ್ಲಾ? ಅದು ತಪ್ಪು. ತಿದ್ದದೆ ಬೇಕಂತಲೇ ಹಾಗೇ ಹಾಕಿದ್ದೀನಿ, ಕಾರಣ ನಾಲ್ಕನೇ ಪೋಸ್ಟ್‌ನಲ್ಲಿದೆ.

ಇಂಟರ್ನ್‌ಶಿಪ್ ಮುಗಿದ ಮೇಲೆ ನಮ್ಮ ಬ್ಯಾಚಿನವರೆಲ್ಲ ಸ್ಮಾರ್ಟ್ ಕ್ಲಾಸ್ ಫೋಟೊ ಹಾಕಿದಿರಿ. ನಾನೂ ಲೈಕ್ ಒತ್ತಿದೆ, ಮಸ್ತ್ ಅಂತ ಕಮೆಂಟೂ ಹಾಕಿದೆ. ಆದರೆ ಒಂದು ಮಾತು ಅವತ್ತಿನಿಂದ ಹೊಟ್ಟೆಯಲ್ಲೇ ಕೂತಿದೆ. ಆ ಎಲ್ಲ ಫೋಟೊಗಳಲ್ಲೂ ಪರದೆ ಮುಂದೆ ನಿಂತವರು ನಾವು. ಮಕ್ಕಳು ಕೈ ಕಟ್ಟಿಕೊಂಡು ಕೂತಿದ್ದಾರೆ. ಮೌಸ್ ನಮ್ಮ ಕೈಯಲ್ಲಿ, ಬೋರ್ಡಿನ ಪೆನ್ ನಮ್ಮ ಕೈಯಲ್ಲಿ, ರಿಮೋಟೂ ನಮ್ಮ ಕೈಯಲ್ಲಿ. ಡಿಜಿಟಲ್ ಅಂತ ಹೆಸರಿಟ್ಟು ನಾವು ಮಾಡಿದ್ದು ಕರಿಹಲಗೆ ಕೆಲಸಾನೇ, ಬಣ್ಣ ಜಾಸ್ತಿ ಅಷ್ಟೇ.

ನನ್ನ ಪ್ರಕಾರ ಚಿತ್ರ ಬಿಡಿಸೋ ಸಾಫ್ಟ್‌ವೇರ್ ಕ್ಲಾಸಿಗೆ ಬಂತು ಅನ್ನಬೇಕಾದರೆ ಅದು ಮಕ್ಕಳ ಕೈಗೆ ಬಂದಿರಬೇಕು. ನಾಲ್ಕೇ ಕಂಪ್ಯೂಟರ್ ಇದ್ದರೂ, ಗದ್ದಲ ಆದರೂ, ಪೋರ್ಷನ್ ಎರಡು ದಿನ ಹಿಂದೆ ಬಿದ್ದರೂ. ಒಪ್ಪದಿದ್ದರೆ ಕೊನೇ ತನಕ ಓದಿ ಆಮೇಲೆ ಜಗಳ ಆಡ್ರಿ.

2/8

ನಾನಿದ್ದ ಹೈಸ್ಕೂಲು ಧಾರವಾಡದಿಂದ ಬಸ್ಸಿನಲ್ಲಿ ಮುಕ್ಕಾಲು ತಾಸು. ಹೆಸರು ಬೇಡ. ಕಂಪ್ಯೂಟರ್ ಲ್ಯಾಬ್ ಇತ್ತು, ಹನ್ನೊಂದು ಕಂಪ್ಯೂಟರ್ ಇದ್ದವು, ಶುರು ಆಗ್ತಿದ್ದದ್ದು ನಾಲ್ಕು. ಬೀಗದ ಕೈ ಆಫೀಸಿನ ಕಪಾಟಿನಲ್ಲಿ. ಮಕ್ಕಳು ಮೆಷಿನ್ ಕೆಡಿಸ್ತಾರೆ ಅನ್ನೋ ಹೆದರಿಕೆ ಎಲ್ಲರಿಗೂ. ಮುಟ್ಟದೇ ಇಟ್ಟಿದ್ದಕ್ಕೇ ಏಳು ಮೆಷಿನ್ ಕೆಟ್ಟು ಕೂತಿದ್ದವು ಅನ್ನೋದು ಬೇರೆ ಮಾತು. ಒಂದರ ಕೀಬೋರ್ಡಿನಲ್ಲಿ ಇರುವೆ ಗೂಡು ಕಟ್ಟಿತ್ತು, ಖರೇನ.

ನನ್ನ ವಿಷಯ ಗಣಿತ. ಪಾಠ ನಿರ್ದೇಶಾಂಕ ರೇಖಾಗಣಿತ. ರಾತ್ರಿ ಒಂದು ಗಂಟೆ ತನಕ ಕೂತು 22 ಸ್ಲೈಡಿನ ಪಿಪಿಟಿ ಮಾಡಿದ್ದೆ. ಬಿಂದುಗಳು ಹಾರಿ ಬಂದು ಕೂರ್ತಿದ್ದವು, ಅಕ್ಷಗಳು ಬಣ್ಣ ಬದಲಿಸ್ತಿದ್ದವು. ಮೂರನೇ ಸ್ಲೈಡಿಗೆ ಮೊದಲ ಆಕಳಿಕೆ ಬಂತು. ಆದರೂ (3, 4) ಎಲ್ಲಿ ಅಂತ ಕೇಳಿದರೆ ಎಲ್ಲರೂ ಒಟ್ಟಿಗೆ ಕೂಗಿ ಹೇಳಿದರು. ನಾನು ಖುಷಿಯಾದೆ. ನೋಟ್‌ಬುಕ್ ತರಿಸಿ ನೋಡಿದರೆ ಅರ್ಧ ಕ್ಲಾಸು (3, 4) ಇರಬೇಕಾದ ಜಾಗದಲ್ಲಿ (4, 3) ಗುರುತಿಸಿತ್ತು.

ಆ ನೋಟ್‌ಬುಕ್ ತಿದ್ದುವಾಗಲೇ ಇನ್ನೊಂದು ಕಣ್ಣಿಗೆ ಬಿತ್ತು. ಒಬ್ಬ ಹುಡುಗಿಯ ಗಣಿತದ ಪುಸ್ತಕದ ಕೊನೇ ಹಾಳೆಯಲ್ಲಿ ಸಣ್ಣ ಸಣ್ಣ ಚೌಕ ಹಾಕಿ, ಕೆಲವನ್ನು ಪೆನ್ಸಿಲ್‌ನಿಂದ ತುಂಬಿ ಮಾಡಿದ ತುಳಸಿ ಕಟ್ಟೆ. ಕ್ಲಾಸಿನಲ್ಲಿ ಬಾಯಿ ಬಿಡದ ಹುಡುಗಿ. ಕರೆದು ಕೇಳಿದೆ. ಬೈತೀನಿ ಅಂದ್ಕೊಂಡು ಮೊದಲು ಅದನ್ನ ಅಳಿಸೋಕೆ ಹೋದಳು. "ನಮ್ಮ ಅಜ್ಜಿ ಕಸೂತಿ ಹಾಕ್ತಾಳ್ರಿ ಟೀಚರ್. ಎಣಿಸಿ ತೋರಿಸ್ತಾಳ್ರಿ. ಮರೀಬಾರದಂತ ಬರಕೊಂಡೇನ್ರಿ."

ಮರುದಿನ ಹೋಗಿ ಲ್ಯಾಬಿನ ಬೀಗದ ಕೈ ಕೇಳಿದೆ.

3/8

ಕಸೂತಿ ಗೊತ್ತಿಲ್ಲದವರಿಗೆ (ಬೆಂಗಳೂರು, ಮೈಸೂರು ಕಡೆ ಫಾಲೋವರ್ಸ್, ನಿಮಗೇ): ಇದು ನಮ್ಮ ಧಾರವಾಡ ಸೀಮೆಯ ಕೈಕೆಲಸ. ಇಳಕಲ್ ಸೀರೆ, ಕರಿ ಚಂದ್ರಕಾಳಿ ಸೀರೆ, ಕುಪ್ಪಸದ ಮೇಲೆ ಹಾಕ್ತಾರೆ. ಗೋಪುರ, ತೇರು, ಆನೆ, ನವಿಲು, ತೊಟ್ಟಿಲು, ತುಳಸಿ ಕಟ್ಟೆ. ಬಟ್ಟೆ ಮೇಲೆ ಮೊದಲು ಪೆನ್ಸಿಲ್‌ನಲ್ಲಿ ಚಿತ್ರ ತೆಗೆಯೋದಿಲ್ಲ. ಬಟ್ಟೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕೋದು. ಒಂದು ಎಳೆ ತಪ್ಪಿದರೆ ಗೋಪುರ ವಾಲುತ್ತೆ. ಗಾವಂತಿ ಅಂದ್ರೆ ನೇರ ಗೆರೆ, ಹೋಗಿ ವಾಪಸ್ ಬರೋ ಹೊಲಿಗೆ. ಮುರಗಿ ಮೆಟ್ಟಿಲಿನ ಹಾಗೆ ಏರಿ ಇಳಿಯುತ್ತೆ. ಈ ಎರಡರಲ್ಲೂ ಗಂಟು ಇರಲ್ಲ, ಸೀರೆ ಹಿಂದೆ ತಿರುಗಿಸಿದರೂ ಮುಂದಿನ ಹಾಗೇ ಕಾಣಬೇಕು. ನೇಯ್ಗಿ ಹೆಸರೇ ಹೇಳೋ ಹಾಗೆ ನೆಯ್ದಂತೆ ಕಾಣೋದು. ಮೆಂತಿ ಅಂದ್ರೆ ಅಡ್ಡ ಗೆರೆ ಮೇಲೆ ಅಡ್ಡ ಗೆರೆ, ಗುಣಾಕಾರ ಚಿಹ್ನೆ.

ಈಗ ಪೇಂಟ್ ತೆಗೀರಿ. ಚಿತ್ರದ ಅಳತೆ 64 ಪಿಕ್ಸೆಲ್ ಅಗಲ, 64 ಎತ್ತರ ಇಡ್ರಿ. ಪೂರ್ತಿ ಝೂಮ್ ಮಾಡಿ ಗ್ರಿಡ್‌ಲೈನ್ಸ್ ಆನ್ ಮಾಡ್ರಿ. ಏನು ಕಾಣ್ತದ? ಎಳೆ ಎಳೆಯಾಗಿ ಬಟ್ಟೆ! ಒಂದು ಚೌಕ ತುಂಬಿದರೆ ಒಂದು ಮೆಂತಿ ಹೊಲಿಗೆ.

ಇದು ನಾನು ಕಂಡುಹಿಡಿದದ್ದೇನಲ್ಲ. 1984ರಲ್ಲಿ ಬಂದ ಮೊದಲ ಮ್ಯಾಕಿಂಟಾಶ್ ಕಂಪ್ಯೂಟರಿನ ಐಕಾನ್‌ಗಳನ್ನು ಬಿಡಿಸಿದ ಸೂಸನ್ ಕೇರ್ ಅನ್ನೋ ಕಲಾವಿದೆ ಮೊದಲು ಗ್ರಾಫ್ ಹಾಳೆ ಮೇಲೆ ಚೌಕ ತುಂಬಿಯೇ ಶುರು ಮಾಡಿದವರು. ಒಂದು ಐಕಾನಿಗೆ 32 ಅಡ್ಡ, 32 ಉದ್ದ, ಅಷ್ಟೇ ಜಾಗ. ಈ ಕೆಲಸವನ್ನು ಅವರು ಕಸೂತಿಯಂಥ ಎಣಿಕೆಯ ಹೊಲಿಗೆಗೂ ಮೊಸಾಯಿಕ್‌ಗೂ ಹೋಲಿಸಿದ್ದಾರೆ. ಅಂದರೆ ನಮ್ಮ ಮನೆಯ ಅಜ್ಜಿಯರಿಗೆ ಪಿಕ್ಸೆಲ್ ಗೊತ್ತು, ಆ ಹೆಸರು ಗೊತ್ತಿಲ್ಲ. ಇದನ್ನ ಮಕ್ಕಳಿಗೆ ಹೇಳಿದಾಗ ಆ ಮೂಕಿ ಹುಡುಗಿಯ ಮುಖ ನೀವು ನೋಡಬೇಕಿತ್ತು.

4/8

ಇದು ಸ್ವಲ್ಪ ಉದ್ದ ಇದೆ, ಸ್ಕಿಪ್ ಮಾಡಬ್ಯಾಡ್ರಿ.

38 ಮಕ್ಕಳು, ನಾಲ್ಕು ಮೆಷಿನ್. ಒಂದೊಂದಕ್ಕೆ ಮೂವರು. ಉಳಿದ 26 ಮಂದಿ ಅಲ್ಲೇ ನೆಲದ ಮೇಲೆ ಗ್ರಾಫ್ ಹಾಳೆ ಹಿಡಿದು. ಇಪ್ಪತ್ತು ನಿಮಿಷಕ್ಕೊಮ್ಮೆ ಅದಲಿ ಬದಲಿ. ಎರಡು ಪೀರಿಯಡ್ ಒಟ್ಟಿಗೆ ಕೇಳಿ ಪಡೆದಿದ್ದೆ.

ಹತ್ತು ನಿಮಿಷ ಆಗಿಲ್ಲ, ಒಬ್ಬ ಹುಡುಗ ಕೂಗಿದ. "ಟೀಚರ್ರ, ಈ ಕಂಪ್ಯೂಟರ್ ಕೆಟ್ಟೈತ್ರಿ. ಮ್ಯಾಲ ಹ್ವಾದ್ರ ನಂಬರ್ ಕಡಿಮಿ ಆಗಾಕತ್ತೈತಿ!"

ಪೇಂಟ್‌ನಲ್ಲಿ ಮೌಸ್ ಎಲ್ಲಿದೆ ಅಂತ ಕೆಳಗಡೆ ಎರಡು ಸಂಖ್ಯೆ ತೋರಿಸುತ್ತೆ, ಗಮನಿಸಿದ್ದೀರಾ? ನಾನು ಗಮನಿಸಿರಲಿಲ್ಲ. ಅಲ್ಲಿ ಸೊನ್ನೆ ಶುರುವಾಗೋದು ಎಡಗಡೆ ಮೇಲಿನ ಮೂಲೆಯಲ್ಲಿ, ಕೆಳಗೆ ಇಳಿದಂತೆ ಎರಡನೇ ಸಂಖ್ಯೆ ಹೆಚ್ಚಾಗುತ್ತೆ. ಪುಸ್ತಕದಲ್ಲಿ ವೈ ಅಕ್ಷ ಮೇಲೆ ಹೋದಂತೆ ಹೆಚ್ಚು. ನಿಂತಲ್ಲೇ ಬೆವರಿದೆ. ಕೊನೆಗೆ ಇದ್ದದ್ದು ಹೇಳಿದೆ: ಮೂಲಬಿಂದು ಎಲ್ಲಿಡಬೇಕು, ಯಾವ ದಿಕ್ಕು ಧನ ಅನ್ನೋದು ನಾವು ಮಾಡಿಕೊಂಡ ಒಪ್ಪಂದ. ಹಳೇ ಟಿವಿ ಪರದೆಯಲ್ಲಿ ಚಿತ್ರ ಮೇಲಿನ ಎಡಮೂಲೆಯಿಂದ ಸಾಲು ಸಾಲಾಗಿ ಕೆಳಗೆ ಮೂಡ್ತಿತ್ತು, ಆ ರೂಢಿ ಕಂಪ್ಯೂಟರಿಗೂ ಬಂತು. ಆ ಹುಡುಗ ಕೇಳಿದ, "ಹಂಗಾರ ಪುಸ್ತಕದವ್ರೂ ತಮಗ ಬೇಕಾದಂಗ ಇಟ್ಟಾರೇನ್ರಿ?" ಹೌದಪ್ಪ, ಅವರೂ ಹಾಗೇ ಇಟ್ಟಾರೆ. 22 ಸ್ಲೈಡಿನಲ್ಲಿ ಈ ಪ್ರಶ್ನೆ ಹುಟ್ಟಲೇ ಇಲ್ಲ ನೋಡ್ರಿ. ಸ್ಲೈಡಿನಲ್ಲಿ ಮೂಲಬಿಂದುವನ್ನು ಮೊದಲೇ ಇಟ್ಟವಳು ನಾನು.

ಈಗ ಗೋಪುರದ ದಪ್ಪ ತುದಿಗೆ ಬರೋಣ. ಆ ಹುಡುಗಿಯ ಗುಂಪು ಗೋಪುರದ ಎಡಭಾಗ ಬಿಡಿಸಿ, ಸೆಲೆಕ್ಟ್ ಮಾಡಿ, ಕಾಪಿ ಮಾಡಿ, ತಿರುಗಿಸಿ ಬಲಕ್ಕೆ ಅಂಟಿಸಿತು. ಜಾಣತನ. ಆದರೆ ಎಡಭಾಗದ ಎಂಟು ಕಾಲಮ್‌ನಲ್ಲಿ ನಡುವಿನದೂ ಸೇರಿತ್ತು. ತಿರುಗಿಸಿ ಹಚ್ಚಿದಾಗ ಆ ನಡುವಿನದು ಎರಡು ಸಲ ಬಂತು. 15 ಕಾಲಮ್ ಆಗಬೇಕಿದ್ದದ್ದು 16 ಆಯ್ತು, ಕಳಸ ಡೊಣ್ಣೆ ಆಯ್ತು. ಯಾಕೆ ಅಂತ ಅವರೇ ಅರ್ಧ ತಾಸು ಕಿತ್ತಾಡಿದರು. ಸಮಮಿತಿಯ ಅಕ್ಷ ಚೌಕದ ನಡುವೆ ಹಾಯ್ದು ಹೋಗಬೇಕೋ, ಎರಡು ಚೌಕಗಳ ಸಂದಿಯಲ್ಲೋ? ಬೆಸ ಸಂಖ್ಯೆ ಇದ್ದರೆ ಒಂದು ಥರ, ಸಮ ಇದ್ದರೆ ಇನ್ನೊಂದು ಥರ. ನಾನು ಬಾಯಿ ಬಿಡಲಿಲ್ಲ. (ಬಿಡಬೇಕು ಅಂತ ಭಾಳ ಅನ್ನಿಸಿತ್ತು.) ಆ ಹುಡುಗಿ ಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಬಂದಳು. "ನಡುವಿಂದು ಒಂಟಿ ಇರಬೇಕಂತ್ರಿ, ಅಲ್ಲಿಂದ ಎರಡೂ ಕಡೆ ಎಣಿಸಬೇಕಂತ್ರಿ."

ಅವಳು ತಪ್ಪಿರೋ ಫೈಲನ್ನು ಬೇರೆ ಹೆಸರಲ್ಲಿ ಉಳಿಸಿದಳು. ನೀವು ಮೊದಲ ಪೋಸ್ಟ್‌ನಲ್ಲಿ ನೋಡಿದ್ದು ಅದನ್ನೇ.

5/8

ಕಂಪ್ಯೂಟರ್ ಬಂದರೆ ಎಲ್ಲಾ ಸರಿ ಹೋಗುತ್ತೆ ಅಂತ ನಾನು ಹೇಳ್ತಿಲ್ಲ. ಆ ದಿನ ಅತಿ ಚಂದದ ಆನೆ ಬಂದಿದ್ದು ನೆಲದ ಮೇಲೆ, ಗ್ರಾಫ್ ಹಾಳೆಯಲ್ಲಿ. ಮೌಸ್ ಹಿಡಿಯೋಕೇ ಅರ್ಧ ಮಕ್ಕಳಿಗೆ ಒದ್ದಾಟ. ಎರಡನೇ ಪೀರಿಯಡ್‌ನಲ್ಲಿ ಕರೆಂಟ್ ಹೋಯ್ತು, ಉಳಿಸದೇ ಇದ್ದ ಒಂದು ನವಿಲು ಹೋಗೇಬಿಡ್ತು. ಅದನ್ನು ಮಾಡಿದ ಹುಡುಗ ಅತ್ತುಬಿಟ್ಟ. ಆಮೇಲಿನಿಂದ ಇಡೀ ಕ್ಲಾಸಿಗೆ ಕಂಟ್ರೋಲ್ ಎಸ್ ಬಾಯಿಪಾಠ.

ಇನ್ನು ಅನ್‌ಡೂ. ಡ್ರಾಯಿಂಗ್ ಶೀಟಿಗೆ ದುಡ್ಡು ಕೊಟ್ಟಿರ್ತಾರೆ, ಹಾಳಾದರೆ ಮನೆಯಲ್ಲಿ ಬೈತಾರೆ, ಅದಕ್ಕೇ ಬಣ್ಣ ಮುಟ್ಟದ ಮಕ್ಕಳಿದ್ದಾರೆ. ಅಂಥವರು ಕಂಟ್ರೋಲ್ ಝಡ್ ಗೊತ್ತಾದ ಮೇಲೆ ಧೈರ್ಯವಾಗಿ ಕೆಂಪು ಸುರಿದರು. ಆದರೆ ಇನ್ನೊಬ್ಬ ಇಡೀ ಪೀರಿಯಡ್ ಹಾಕಿದ್ದನ್ನೇ ಅಳಿಸಿ, ಅಳಿಸಿದ್ದನ್ನೇ ಹಾಕಿ ಕೊನೆಗೆ ಖಾಲಿ ಪರದೆ ತೋರಿಸಿದ. ಅವನನ್ನು ಮರುದಿನ ಕಾಗದಕ್ಕೆ ಕಳಿಸಿದೆ, ರಬ್ಬರ್ ಇಲ್ಲದೆ. ಒಂದೇ ಗುಂಡಿ ಒಬ್ಬರಿಗೆ ರೆಕ್ಕೆ, ಇನ್ನೊಬ್ಬರಿಗೆ ಕಾಲಿಗೆ ಕಟ್ಟಿದ ಕಲ್ಲು. ಯಾರಿಗೆ ಯಾವುದು ಅಂತ ನೋಡೋಕೇ ಅಲ್ಲವೇ ಟೀಚರ್ ಅಂತ ನಮ್ಮನ್ನು ನಿಲ್ಲಿಸೋದು?

ಮೊಬೈಲಿನ ಡ್ರಾಯಿಂಗ್ ಆ್ಯಪ್ ಬಳಸೋರಿಗೆ ಇನ್ನೊಂದು ಮಾತು. ಐಬಿಸ್ ಪೇಂಟ್‌ನಲ್ಲಿ ಸಿಮ್ಮೆಟ್ರಿ ರೂಲರ್ ಇದೆ, ಕ್ರಿಟಾದಲ್ಲಿ ಮಲ್ಟಿಬ್ರಶ್ ಇದೆ. ಒಂದು ಗೆರೆ ಎಳೆದರೆ ಎಂಟು ಕಡೆ ತಾನೇ ಮೂಡುತ್ತೆ, ಕ್ಷಣದಲ್ಲಿ ರಂಗೋಲಿ. ನೋಡೋಕೆ ಭಾರೀ ಮಜಾ. ಆದರೆ ಚುಕ್ಕಿ ಇಟ್ಟು ರಂಗೋಲಿ ಹಾಕೋವಾಗ ತಲೆಯಲ್ಲಿ ನಡೆಯೋ ಲೆಕ್ಕ ಆ ಕ್ಷಣದಲ್ಲಿ ಮಾಯ. ಹಾಗಂತ ಅದನ್ನು ಬೈಯಲ್ಲ. ಮೊದಲು ಕೈಯಲ್ಲಿ ಎಣಿಸಲಿ, ತಪ್ಪಲಿ, ಕಳಸ ಡೊಣ್ಣೆ ಆಗಲಿ. ಆಮೇಲೆ ಆ ರೂಲರ್ ತೋರಿಸಿದರೆ ಅದು ಒಳಗೆ ಏನು ಮಾಡ್ತಿದೆ ಅಂತ ಮಕ್ಕಳಿಗೇ ಗೊತ್ತಾಗುತ್ತೆ. ಮೊದಲೇ ಕೊಟ್ಟರೆ ಬರೀ ಜಾದೂ.

6/8

ಈ ಪೋಸ್ಟ್ ಬರೆಯೋದಾ ಬೇಡವಾ ಅಂತ ಭಾಳ ಯೋಚನೆ ಮಾಡಿದೆ.

ಪಾಠ ವೀಕ್ಷಣೆಗೆ ಬಂದವರು ಇದೇ ಲ್ಯಾಬ್ ಕ್ಲಾಸಿಗೆ ಬಂದರು. ಬಾಗಿಲಲ್ಲೇ ನಿಂತು ನೋಡಿದರು. ನೆಲದ ಮೇಲೆ ಮಕ್ಕಳು, ಗದ್ದಲ, ನಾನು ಒಂದು ಮೂಲೆಯಲ್ಲಿ ಮೊಣಕಾಲೂರಿ ಕೂತು ಯಾರದ್ದೋ ವೈರ್ ಸಿಕ್ಕಿಸ್ತಿದ್ದೆ. "ಟೀಚರ್ ಎಲ್ಲಿ?" ಅಂದರು. ವೀಕ್ಷಣಾ ಹಾಳೆಯಲ್ಲಿ "ತಂತ್ರಜ್ಞಾನದ ಬಳಕೆ" ಅಂತ ಒಂದು ಸಾಲು ಇರುತ್ತಲ್ಲ? ಪಿಪಿಟಿ ತೋರಿಸಿದ ದಿನ ಅದರಲ್ಲಿ ನನಗೆ ಹತ್ತಕ್ಕೆ ಒಂಬತ್ತು. ಮಕ್ಕಳು ಕಂಪ್ಯೂಟರ್ ಮುಟ್ಟಿದ ದಿನ ಹತ್ತಕ್ಕೆ ಐದು. ಕಾರಣ: ಪ್ರೊಜೆಕ್ಟರ್ ಬಳಸಿಲ್ಲ.

ನಾಲ್ಕು ಅಂಕಕ್ಕೆ ಅಳ್ತಾಳೆ ಅನ್ನಬ್ಯಾಡ್ರಿ. ಬೇಜಾರಾಯ್ತು, ಮುಗೀತು. ಆದರೆ ಆ ಹಾಳೆ ತುಂಬೋ ಮುಂದಿನವರು ನಾವೇ. ನಮ್ಮ ಕೋರ್ಸನ್ನೇ ನೋಡ್ರಿ. ನಾಟಕ ಮತ್ತು ಕಲೆಗೆ ಒಂದು ಇಪಿಸಿ ಪೇಪರ್, ಐಸಿಟಿಗೆ ಇನ್ನೊಂದು. ಕಲೆಯ ಫೈಲಿಗೆ ನಾವು ವಾರ್ಲಿ ಬಿಡಿಸಿದೆವು, ಐಸಿಟಿ ಫೈಲಿಗೆ ಸ್ಕ್ರೀನ್‌ಶಾಟ್ ಅಂಟಿಸಿದೆವು. ಎರಡನ್ನೂ ಒಂದೇ ಮಗುವಿನ ಮುಂದೆ ಒಟ್ಟಿಗೆ ಇಡಬಹುದು ಅಂತ ಯಾರಿಗಾದರೂ ಹೊಳೆಯಿತಾ? ನನಗೂ ಹೊಳೆದಿರಲಿಲ್ಲ. ಕಲಿಯುವವನೇ ಜ್ಞಾನ ಕಟ್ಟಿಕೊಳ್ತಾನೆ ಅಂತ ಪಿಯಾಜೆ, ವೈಗೋಟ್ಸ್ಕಿ ಬಗ್ಗೆ ಎಂಟೆಂಟು ಪುಟ ಬರೆದು ಪಾಸಾಗಿ, ಕ್ಲಾಸಿಗೆ ಹೋದ ತಕ್ಷಣ ಕ್ಲಿಕ್ಕರ್ ಕೈಗೆತ್ತಿಕೊಂಡೆವು.

ಮತ್ತೆ ಆ ರೆಡಿ ಟೆಂಪ್ಲೇಟು! ನಮ್ಮ ಬ್ಯಾಚಿನ ಚಾರ್ಟುಗಳಲ್ಲಿ ಎಷ್ಟರಲ್ಲಿ ಅದೇ ಹಳದಿ ಬಸ್ಸು, ಅದೇ ಕೆಂಪು ಕೂದಲಿನ ಹುಡುಗ ಇದ್ದಾನೆ ಅಂತ ಎಣಿಸಿದ್ದೀರಾ? ನಮ್ಮೂರಲ್ಲಿ ಹಳದಿ ಸ್ಕೂಲ್ ಬಸ್ಸು ಎಲ್ಲಿ ಬರ್ತದ್ರಿ, ಮಕ್ಕಳು ಕೆಂಪು ಬಸ್ಸಿಗೆ ಪಾಸ್ ತೋರಿಸಿ ಬರ್ತಾರೆ. ಒಂದು ಸಲ ಮಕ್ಕಳಿಗೇ ಬಿಡಿಸೋಕೆ ಕೊಟ್ಟು ನೋಡ್ರಿ, ಬಸ್ಸಿನ ಹಿಂದೆ ಜೋತುಬಿದ್ದವರನ್ನೂ ಬಿಡಿಸ್ತಾರೆ.

7/8

"ಇಷ್ಟೆಲ್ಲಾ ಯಾಕ ಒದ್ದಾಡ್ತೀಯವಾ, ಎಐಗೆ ಹೇಳಿದ್ರ ಒಂದು ನಿಮಿಷದಾಗ ಕಸೂತಿ ಬರ್ತದ." ಇದನ್ನು ಹೇಳಿದ ಗೆಳೆಯ ಇದನ್ನೂ ಓದ್ತಿರ್ತಾನೆ. ಸಿಟ್ಟಿಗೇಳಬ್ಯಾಡೋ, ನಿನ್ನ ಮಾತು ಕೇಳಿ ಮಾಡೇ ನೋಡಿದೆ.

ಬಂತು. ಫೋಟೊ ಎರಡರಲ್ಲಿ ಇದೆ. ಹೊಳೆಯೋ ದಾರ, ಮಯೂರ, ಬಳ್ಳಿ, ಮೇಲೆ ಬಂಗಾರದ ಅಂಚು. ಕೆಳಗೆ ಕನ್ನಡದಲ್ಲಿ ಏನೋ ಬರೆದಿದೆ, ಕನ್ನಡದ ಹಾಗೆ ಕಾಣುತ್ತೆ, ಓದೋಕೆ ಬರಲ್ಲ. ಸ್ಟೇಟಸ್ಸಿಗೆ ಹಾಕಿದ್ದರೆ ನೂರು ಲೈಕ್ ಗ್ಯಾರಂಟಿ.

ಆ ಭಾನುವಾರ ಹುಡುಗಿಯ ಮನೆಗೆ ಹೋಗಿದ್ದೆ. ಅಜ್ಜಿ ಚಹಾ ಕೊಟ್ಟು, ಮೊಮ್ಮಗಳ ಗೋಪುರದ ಪ್ರಿಂಟನ್ನು ಕಣ್ಣಿನ ಹತ್ತಿರ ಹಿಡಿದು, ಬೆರಳಿಟ್ಟು ಎಣಿಸಿದರು. ಕೆಳಗಿನ ಮೆಟ್ಟಿಲು ಎರಡು ಜಾಸ್ತಿ ಆಗೇದ ಅಂದರು. ಆಮೇಲೆ ನಾನು ಮೊಬೈಲಿನಲ್ಲಿ ಎಐ ಚಿತ್ರ ತೋರಿಸಿದೆ. ದೊಡ್ಡದು ಮಾಡು ಅಂದರು, ಮಾಡಿದೆ. ಇನ್ನೂ ದೊಡ್ಡದು ಮಾಡು ಅಂದರು. ಸುಮಾರು ಹೊತ್ತು ನೋಡಿ, "ಚಂದ ಐತಿ. ಆದ್ರ ಇದರಾಗ ಎಣಿಕಿ ಎಲ್ಲೈತಿ? ಎಲ್ಲಿಂದ ಸೂಜಿ ಹಾಕಲಿ?" ಅಂತ ಮೊಬೈಲ್ ವಾಪಸ್ ಕೊಟ್ಟರು.

ಅದು ಕಸೂತಿಯ ಚಿತ್ರ ಆಗಿತ್ತು, ಕಸೂತಿ ಆಗಿರಲಿಲ್ಲ. ನಾಳೆ ಎಐ ಇನ್ನೂ ಸುಧಾರಿಸಬಹುದು, ಎಣಿಕೆಯನ್ನೂ ಕಲಿಯಬಹುದು, ಕನ್ನಡ ಅಕ್ಷರವೂ ಸರಿಯಾಗಬಹುದು. ಆಗಲೂ ನನ್ನ ಪ್ರಶ್ನೆ ಬದಲಾಗಲ್ಲ. ಒಂಬತ್ತನೇ ಕ್ಲಾಸಿನಲ್ಲಿ ನಮಗೆ ಬೇಕಿದ್ದದ್ದು ಗೋಪುರವಾ, ಗೋಪುರ ಎಣಿಸಬಲ್ಲ ಹುಡುಗಿಯಾ? ಪೋಸ್ಟರ್ ಬೇಕಿದ್ದರೆ ಎಐ ಬಳಸ್ರಿ, ನಾನೂ ಬಳಸ್ತೀನಿ. ಚಿತ್ರ ಬಿಡಿಸೋದೇ ಪಾಠ ಆಗಿರೋ ಕ್ಲಾಸಿಗೆ ಮಾತ್ರ ಅದನ್ನು ತರಬ್ಯಾಡ್ರಿ.

8/8

ಕಾಸು ಬೇಕಲ್ಲ ಅನ್ನೋರಿಗೆ: ನಾನು ಒಂದು ರೂಪಾಯಿ ಖರ್ಚು ಮಾಡಿಲ್ಲ, ಗ್ರಾಫ್ ಹಾಳೆ ಬಿಟ್ಟು. ಪೇಂಟ್ ಮೆಷಿನ್‌ನಲ್ಲೇ ಇತ್ತು. ಗಾವಂತಿ ಗೆರೆಗಳಿಗೆ ಚೌಕ ಸಾಲದು, ಗೆರೆಯೇ ಬೇಕು, ಅದಕ್ಕೆ ಒಂದು ಕಂಪ್ಯೂಟರಿಗೆ ಪೆನ್‌ಡ್ರೈವ್‌ನಿಂದ ಇಂಕ್‌ಸ್ಕೇಪ್‌ನ ಹಳೇ ಆವೃತ್ತಿ ಹಾಕಿದೆ. ಅದು ವೆಕ್ಟರ್, ಎಷ್ಟು ದೊಡ್ಡದು ಮಾಡಿದರೂ ಗೆರೆ ಒಡೆಯಲ್ಲ. ಮೆಂತಿ ಪಿಕ್ಸೆಲ್, ಗಾವಂತಿ ವೆಕ್ಟರ್ ಅಂತ ಒಬ್ಬ ಹುಡುಗ ತಾನೇ ಹೇಳಿದ, ನಾನು ಹೇಳಿಕೊಟ್ಟಿರಲಿಲ್ಲ. ಸಣ್ಣ ಮಕ್ಕಳಿಗೆ ಟಕ್ಸ್ ಪೇಂಟ್ ಇದೆ, 2002ರಿಂದ ಉಚಿತ, ಹಳೇ ಮೆಷಿನ್‌ನಲ್ಲೂ ಓಡುತ್ತೆ, ಕನ್ನಡದಲ್ಲೂ ಸಿಗುತ್ತೆ. ಒಳ್ಳೇ ಮೆಷಿನ್ ಇದ್ದರೆ ಕ್ರಿಟಾ, ಅದೂ ಉಚಿತ.

ಪಕ್ಕದ ಕೇರಳ ನೋಡ್ರಿ. ಅಲ್ಲಿ ಹೈಸ್ಕೂಲಿನ ಐಸಿಟಿ ಪುಸ್ತಕದಲ್ಲೇ ಜಿಂಪ್, ಇಂಕ್‌ಸ್ಕೇಪ್ ಬರ್ತವೆ. 2018ರಲ್ಲಿ ಲಿಟಲ್ ಕೈಟ್ಸ್ ಅಂತ ಶಾಲೆ ಶಾಲೆಯಲ್ಲಿ ವಿದ್ಯಾರ್ಥಿ ಕ್ಲಬ್ ಶುರು ಮಾಡಿದರು, ಮಕ್ಕಳು ಅನಿಮೇಶನ್ ಮಾಡ್ತಾರೆ. ಎಲ್ಲ ಉಚಿತ ಸಾಫ್ಟ್‌ವೇರ್. ಅದೇನು ಆಕಾಶದಿಂದ ಇಳಿದ ರಾಜ್ಯ ಅಲ್ಲ, ಕರೆಂಟ್ ಅಲ್ಲೂ ಹೋಗುತ್ತೆ.

ಮುಂದಿನ ಬ್ಯಾಚಿನ ತಮ್ಮಂದಿರು, ತಂಗಿಯರು: ನಿಮ್ಮಲ್ಲಿ ಯಾರೋ ಅದೇ ಶಾಲೆಗೆ ಹೋಗ್ತೀರಿ. ಯಾವುದು ಅಂತ ಮೆಸೇಜ್ ಮಾಡಿದರೆ ಹೇಳ್ತೀನಿ. ನಾನು ಬಂದ ಮೇಲೆ ಲ್ಯಾಬಿಗೆ ಮತ್ತೆ ಬೀಗ ಬಿದ್ದಿದೆಯಂತೆ, ಆ ಹುಡುಗಿ ಅಮ್ಮನ ಮೊಬೈಲಿಂದ ಫೋನ್ ಮಾಡಿ ಹೇಳಿದಳು. ಬೀಗದ ಕೈ ಆಫೀಸಿನ ಕಪಾಟಿನ ಎರಡನೇ ಅರೆಯಲ್ಲಿ, ನೀಲಿ ದಾರ ಕಟ್ಟಿದ್ದು. ನಯವಾಗಿ ಕೇಳ್ರಿ, ಎರಡು ಸಲ ಕೇಳ್ರಿ, ಕೊಡ್ತಾರೆ. ಕಿಟಕಿ ಪಕ್ಕದ ಮೆಷಿನ್‌ನ ಡಿ ಡ್ರೈವಿನಲ್ಲಿ "9ಬಿ ಕಸೂತಿ" ಅಂತ ಫೋಲ್ಡರ್ ಇದೆ. ಅಳಿಸಬ್ಯಾಡ್ರಿ. ತೇರು ಇನ್ನೂ ಅರ್ಧ ಆಗಿದೆ, ಗಾಲಿ ಹೇಗೆ ದುಂಡಗೆ ಮಾಡೋದು ಅಂತ ಅವರಿಗೆ ಇನ್ನೂ ಬಗೆಹರಿದಿಲ್ಲ.

#ಕಸೂತಿ #ಬಿಎಡ್_ಡೈರಿ #ಮಕ್ಕಳ_ಕೈಗೆ_ಮೌಸ್